ಮರದ ಮೇಲೆ ಕೋತಿ, ಮರದಲ್ಲಿ ಮಾವಿನಕಾಯಿ

ಮರದ ಮೇಲೆ ಕೋತಿ ಇದೆ. ಮರದಲ್ಲಿ ಮಾವಿನಕಾಯಿ ಇದೆ. ಕನ್ನಡದಲ್ಲಿ ನಾವು ಹೀಗೇ ಹೇಳುತ್ತೇವೆ. 'ಮರದ ಮೇಲೆ ಮಾವಿನಕಾಯಿ' ಅಂದು ನೋಡಿ. ಯಾರೋ ಕಿತ್ತ ಕಾಯಿಯನ್ನು ಮತ್ತೆ ಮರ ಹತ್ತಿ ಮೇಲಿಟ್ಟು ಬಂದ ಹಾಗೆ ಕೇಳಿಸುತ್ತದೆ, ಅಲ್ವಾ?

ಇಂಗ್ಲಿಷಿನಲ್ಲಿ ಇದು ಪೂರ್ತಿ ಉಲ್ಟಾ. ಕೋತಿ 'ಇನ್ ದಿ ಟ್ರೀ'. ಮಾವಿನಕಾಯಿ 'ಆನ್ ದಿ ಟ್ರೀ'.

ಎರಡೂ ಭಾಷೆ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗೇ ಇವೆ. ಇಂಗ್ಲಿಷಿನಲ್ಲಿ ಮರ ಅಂದರೆ ಕೊಂಬೆ, ಎಲೆಗಳ ನಡುವಿನ ಒಂದು ಜಾಗ. ಕೋತಿ ಆ ಜಾಗದೊಳಗೆ ಕೂತಿದೆ, ಅದಕ್ಕೇ 'ಇನ್'. ಕಾಯಿ ಮರಕ್ಕೆ ಅಂಟಿಕೊಂಡಿದೆ. ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಲಿ 'ಆನ್'. ಕನ್ನಡ ನೋಡುವ ರೀತಿ ಬೇರೆ. ಕೋತಿ ಹೊರಗಿನಿಂದ ಬಂದು ಹತ್ತಿದೆ, ಹಾಗಾಗಿ ಮೇಲೆ. ಕಾಯಿ ಮರದ್ದೇ, ಹಾಗಾಗಿ ಮರದಲ್ಲಿ.

ದಾವಣಗೆರೆಯಲ್ಲಿ ನಾನು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕಲಿಸುತ್ತೇನೆ. ಡಿಗ್ರಿ ಮುಗಿಸಿ ಇಂಟರ್‌ವ್ಯೂಗೆ ತಯಾರಾಗುವವರು ಬರುತ್ತಾರೆ. ನರ್ಸಿಂಗ್ ಓದುವವರು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು, ಹರಿಹರದಿಂದ ರೈಲಿನಲ್ಲಿ ಓಡಾಡುವವರು ಇದ್ದಾರೆ. ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿ, ಹೋಂವರ್ಕ್ ಹೇಳಿಕೊಡೋಕಾದರೂ ಕಲಿಯಬೇಕು ಅಂತ ಬರುವ ಅಮ್ಮಂದಿರೂ ಇದ್ದಾರೆ. ಮೊದಲ ದಿನ ಎಲ್ಲರೂ ಹೇಳುವುದು ಒಂದೇ: ಟೆನ್ಸ್ ಬರಲ್ಲ ಸರ್. ಆದರೆ ಮಾತಾಡಲು ಶುರು ಮಾಡಿದಾಗ ಅವರು ತಡವರಿಸುವುದು ಟೆನ್ಸ್ ಹತ್ತಿರ ಅಲ್ಲ. 'ಐ ಆಮ್ ಗೋಯಿಂಗ್' ಸಲೀಸಾಗಿ ಬರುತ್ತದೆ. ಅದರ ಮುಂದೆ ಬರಬೇಕಾದ ಎರಡಕ್ಷರದ ಪುಟ್ಟ ಪದದ ಹತ್ತಿರ ಮಾತು ನಿಲ್ಲುತ್ತದೆ. ಇನ್ನಾ, ಆನ್ನಾ, ಆ್ಯಟಾ?

ಇದಕ್ಕೆ ಒಂದು ಕಾರಣ ಆ ಪದ ಇರುವ ಜಾಗ. ಕನ್ನಡದಲ್ಲಿ ನಾವು ಮೊದಲು 'ಬಸ್ಸು' ಅಂದುಬಿಡುತ್ತೇವೆ, ಆಮೇಲೆ ಅದಕ್ಕೆ 'ಅಲ್ಲಿ' ಸೇರಿಸುತ್ತೇವೆ. ಬಸ್ಸಲ್ಲಿ. ಯೋಚಿಸಲು ಅರೆ ಕ್ಷಣ ಸಿಗುತ್ತದೆ. ಇಂಗ್ಲಿಷಿನಲ್ಲಿ ಬಸ್ಸು ಬಾಯಿಗೆ ಬರುವ ಮೊದಲೇ ಪ್ರಿಪೊಸಿಷನ್, ಅಂದರೆ ಇನ್, ಆನ್, ಆ್ಯಟ್‌ನಂಥ ಆ ಪುಟ್ಟ ಪದ, ಬರಬೇಕು. ಹಿಂದೆ ಬರುವುದನ್ನು ಮುಂದೆ ತರಬೇಕು ಅಂದರೆ ತಲೆಗೆ ಅಭ್ಯಾಸ ಬೇಕು. ಇದನ್ನು ಹೇಳಿದಾಗ ಎಷ್ಟೋ ಜನರ ಮುಖದಲ್ಲಿ ಹಗುರಾಗಿದ್ದು ಕಾಣುತ್ತದೆ. ತಾವು ದಡ್ಡರಲ್ಲ, ಎರಡು ಭಾಷೆಗಳ ಜೋಡಣೆಯೇ ಬೇರೆ ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ.

ಇನ್ನೊಂದು ಕಾರಣ ನಾವು ಕಲಿತ ರೀತಿ. ಇನ್ ಅಂದರೆ ಒಳಗೆ, ಆನ್ ಅಂದರೆ ಮೇಲೆ, ಟು ಅಂದರೆ ಗೆ, ಫ್ರಮ್ ಅಂದರೆ ಇಂದ. ಮೇಷ್ಟ್ರು ಹೇಳುತ್ತಿದ್ದರು, ನಾವೆಲ್ಲ ಒಟ್ಟಿಗೆ ಕೂಗುತ್ತಿದ್ದೆವು. ಅರವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಅವರು ಇನ್ನೇನು ಮಾಡಬೇಕಿತ್ತು? ಆದರೆ ಆ ಪಟ್ಟಿ ನಮ್ಮನ್ನು ಬಿಡುವುದಿಲ್ಲ. ದೊಡ್ಡವರಾದ ಮೇಲೂ ಕನ್ನಡದ ಪ್ರತ್ಯಯವನ್ನು ಹಿಡಿದುಕೊಂಡು ಅದಕ್ಕೆ ಸಮನಾದ ಇಂಗ್ಲಿಷ್ ಪದ ಹುಡುಕುತ್ತಲೇ ಇರುತ್ತೇವೆ. ಹಾಗೆ ಸಮನಾದ ಪದ ಇಲ್ಲ ಅನ್ನೋದೇ ನಾನು ಹೇಳಬೇಕೆಂದಿರುವ ಮಾತು. ಪ್ರಿಪೊಸಿಷನ್‌ಗೆ ಒಂಟಿಯಾಗಿ ಅರ್ಥ ಕಡಿಮೆ. ಪಕ್ಕದಲ್ಲಿ ಯಾವ ಪದ ಇದೆ ಅನ್ನುವುದರಿಂದ ಅದಕ್ಕೆ ಅರ್ಥ ಬರುತ್ತದೆ. ಅದನ್ನು ಆ ಪದದ ಜೊತೆಗೇ ಕಲಿಯಬೇಕು.

'ಮೇಲೆ' ತಗೊಳ್ಳಿ. ಬೇಸಿಗೆಯಲ್ಲಿ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: 'ದಿ ಫ್ಯಾನ್ ಈಸ್ ರೊಟೇಟಿಂಗ್ ಆನ್ ಮೈ ಹೆಡ್'. ತಲೆ ಮೇಲೆ ಫ್ಯಾನು ತಿರುಗುತ್ತಿದೆ ಅನ್ನೋದು ಕನ್ನಡದಲ್ಲಿ ಸರಿಯಾದ ಮಾತು. ಇಂಗ್ಲಿಷಿನಲ್ಲಿ ಅದು ಅಪಾಯ. 'ಆನ್' ಅಂದರೆ ತಾಗಿಕೊಂಡಿರುವುದು, ಫ್ಯಾನು ತಲೆಗೆ ತಾಗಿದರೆ ಕಥೆ ಮುಗಿಯಿತು. ಅಲ್ಲಿ 'ಅಬವ್' ಅಥವಾ 'ಓವರ್' ಬೇಕು. ಅದೇ ಫ್ಯಾನು 'ಆನ್ ದಿ ಸೀಲಿಂಗ್', ಯಾಕೆಂದರೆ ಅದು ಸೀಲಿಂಗ್‌ಗೆ ತಾಗಿ ನೇತಾಡುತ್ತಿದೆ. ಗಮನಿಸಿ, ಫ್ಯಾನು ಇರುವುದು ಸೀಲಿಂಗ್‌ನ ಕೆಳಗೆ! ಆದರೂ ಅದು 'ಆನ್'. ಅಂದಮೇಲೆ ಆನ್ ಅಂದರೆ ಮೇಲೆ ಅಂತ ಕಲಿತ ಪಾಠ ಎಲ್ಲಿಗೆ ಬಂತು? ಗೋಡೆಯ ಗಡಿಯಾರ, ಬೆರಳಿನ ಉಂಗುರ, ಅಂಗಿಯ ಕಲೆ, ದೋಸೆಯ ಬೆಣ್ಣೆ, ಎಲ್ಲವೂ 'ಆನ್'. ತಾಗಿಕೊಂಡಿರುವುದು ಅನ್ನುವ ಎಳೆ ಹಿಡಿದರೆ ಇವೆಲ್ಲ ಒಂದೇ ಸಾಲಿಗೆ ಬರುತ್ತವೆ.

ಸಿಟ್ಟು ಇನ್ನೂ ಸ್ವಾರಸ್ಯದ್ದು. ಕನ್ನಡದಲ್ಲಿ ಸಿಟ್ಟು ಒಬ್ಬರ ಮೇಲೆ ಬರುತ್ತದೆ. ಪ್ರೀತಿಯೂ ಮೇಲೆ, ನಂಬಿಕೆಯೂ ಮೇಲೆ, ಅನುಮಾನವೂ ಮೇಲೆ. ಹಾಗಾಗಿ 'ಮೈ ಫಾದರ್ ಈಸ್ ಆಂಗ್ರಿ ಆನ್ ಮಿ' ಅನ್ನೋದು ನಮ್ಮೂರಿನ ಇಂಗ್ಲಿಷಿನಲ್ಲಿ ದಿನಾ ಕೇಳುವ ಮಾತು. ಇಂಗ್ಲಿಷಿನಲ್ಲಿ ಮನುಷ್ಯರ ಮೇಲಿನ ಸಿಟ್ಟಿಗೆ 'ವಿತ್' ಅಥವಾ 'ಆ್ಯಟ್', ವಿಷಯದ ಬಗ್ಗೆ ಸಿಟ್ಟಾದರೆ 'ಅಬೌಟ್'. ಪ್ರೀತಿಗೆ 'ಫಾರ್', ನಂಬಿಕೆಗೆ 'ಇನ್'. ಇದಕ್ಕೆಲ್ಲ ಕಾರಣ ಕೇಳಿದರೆ ನಾನು ಕಾರಣ ಕಟ್ಟಿ ಹೇಳಲು ಹೋಗುವುದಿಲ್ಲ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಕೇಳಿದರೆ ಆಲೂಗಡ್ಡೆ ಪಲ್ಯ, ಚಟ್ನಿ ತಾವಾಗೇ ತಟ್ಟೆಗೆ ಬರುತ್ತವಲ್ಲ, 'ಆಂಗ್ರಿ' ಜೊತೆ 'ವಿತ್' ಬರುವುದೂ ಹಾಗೇ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. 'ಐ ಆಮ್ ಆನ್ ದಿ ಬಸ್' ಅಂದ ತಕ್ಷಣ ಕ್ಲಾಸು ನಗುತ್ತದೆ. ಬಸ್ಸಿನ ಮೇಲಾ ಸರ್? ನಗುವುದರಲ್ಲಿ ತಪ್ಪಿಲ್ಲ. ಜಾತ್ರೆ ದಿನಗಳಲ್ಲಿ ಪ್ರೈವೇಟ್ ಬಸ್ಸಿನ ಟಾಪ್ ಮೇಲೆ ಜನ ಕೂತು ಹೋಗುವುದನ್ನು ನಮ್ಮ ಕಡೆಯವರು ಕಣ್ಣಾರೆ ನೋಡಿದ್ದಾರೆ. ಅದಕ್ಕೆ ಇಂಗ್ಲಿಷಿನಲ್ಲಿ 'ಆನ್ ಟಾಪ್ ಆಫ್ ದಿ ಬಸ್' ಅಂತಲೇ ಹೇಳಬೇಕು. ಸುಮ್ನೆ 'ಆನ್ ದಿ ಬಸ್' ಅಂದರೆ ಒಳಗೆ, ಟಿಕೆಟ್ ತಗೊಂಡು, ಸೀಟಿನಲ್ಲಿ ಕೂತು ಅಥವಾ ನಿಂತು ಹೋಗುವುದು. ಕಾರಿಗೆ ಮಾತ್ರ 'ಇನ್'.

ಇದಕ್ಕೆ ಒಂದು ಒಳ್ಳೆಯ ಗುರುತು ಇದೆ. ಒಳಗೆ ಎದ್ದು ನಿಂತು ನಾಲ್ಕು ಹೆಜ್ಜೆ ಓಡಾಡಬಹುದಾದರೆ 'ಆನ್'. ಬಸ್ಸು, ರೈಲು, ವಿಮಾನ, ಹಡಗು. ಬಗ್ಗಿ ಒಳಗೆ ತೂರಿ ಕೂತಲ್ಲೇ ಕೂರಬೇಕಾದರೆ 'ಇನ್'. ಕಾರು, ಟ್ಯಾಕ್ಸಿ, ಆಟೋ. ಇನ್ನು ಕಾಲು ಆಚೆ ಈಚೆ ಹಾಕಿ ಕೂರುವ ಬೈಕು, ಸೈಕಲ್ಲು, ಕುದುರೆ ಮತ್ತೆ 'ಆನ್'. ಯಾವ ವಾಹನದಲ್ಲಿ ಬಂದೆ ಅಂತ ಮಾತ್ರ ಹೇಳುವುದಾದರೆ ಎಲ್ಲಕ್ಕೂ 'ಬೈ' ಸಾಕು: ಬೈ ಬಸ್, ಬೈ ಕಾರ್, ಬೈ ಆಟೋ. ಆದರೆ ಅಲ್ಲಿ ನಡುವೆ 'ದಿ' ಬರಬಾರದು, 'ಮೈ' ಕೂಡ ಬರಬಾರದು. 'ಬೈ ಮೈ ಕಾರ್' ಅಲ್ಲ, 'ಇನ್ ಮೈ ಕಾರ್'. ನಡೆದು ಬಂದರೆ 'ಆನ್ ಫುಟ್'.

'ಅಲ್ಲಿ' ಅನ್ನುವ ನಮ್ಮ ಸಪ್ತಮಿ ವಿಭಕ್ತಿ ಇನ್ನೂ ದೊಡ್ಡ ಕೆಲಸಗಾರ. ಬಸ್ಸಲ್ಲಿ, ಫೋನಲ್ಲಿ, ಬಿಸಿಲಲ್ಲಿ, ಕನ್ನಡದಲ್ಲಿ, ಸರ್ಕಲ್ಲಲ್ಲಿ, ರಸ್ತೆಯಲ್ಲಿ, ಲೆಕ್ಕದಲ್ಲಿ ಜಾಣ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಫೋನಿಗೆ 'ಆನ್', ಬಿಸಿಲಿಗೆ 'ಇನ್', ಸರ್ಕಲ್ಲಿಗೆ 'ಆ್ಯಟ್', ಲೆಕ್ಕದಲ್ಲಿ ಜಾಣನಾದರೆ 'ಗುಡ್ ಆ್ಯಟ್ ಮ್ಯಾಥ್ಸ್'. ಜಾಗದ ವಿಷಯದಲ್ಲಿ ಮಾತ್ರ ಒಂದು ಅಳತೆ ಇದೆ, ಅದನ್ನು ಊರನ್ನೇ ಇಟ್ಟುಕೊಂಡು ಹೇಳುವುದು ನನಗಿಷ್ಟ. ದಾವಣಗೆರೆ ಒಂದು ಹರಡಿಕೊಂಡ ಊರು, ಅದರೊಳಗೆ ನಾವಿದ್ದೇವೆ: 'ಇನ್ ದಾವಣಗೆರೆ'. ಹದಡಿ ರಸ್ತೆ ಉದ್ದಕ್ಕೆ ಹೋಗುವ ಗೆರೆ, ಅಂಗಡಿ ಆ ಗೆರೆಗೆ ತಾಗಿಕೊಂಡಿದೆ: 'ಆನ್ ಹದಡಿ ರೋಡ್'. ಜಯದೇವ ಸರ್ಕಲ್ ಒಂದು ಚುಕ್ಕಿ, ಅಲ್ಲಿ ಗೆಳೆಯ ಕಾಯುತ್ತಿದ್ದಾನೆ: 'ಆ್ಯಟ್ ಜಯದೇವ ಸರ್ಕಲ್'. ಹರವಿಗೆ ಇನ್, ಗೆರೆಗೆ ಆನ್, ಚುಕ್ಕಿಗೆ ಆ್ಯಟ್.

ಇದರ ಸೊಗಸು ಎಲ್ಲಿದೆ ಅಂದರೆ, ಒಂದೇ ಊರು ಒಮ್ಮೆ ಹರವಾಗುತ್ತದೆ, ಇನ್ನೊಮ್ಮೆ ಚುಕ್ಕಿಯಾಗುತ್ತದೆ. ನಾನು ವಾಸ ಇರುವುದು 'ಇನ್ ದಾವಣಗೆರೆ'. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಅರಸೀಕೆರೆ, ಬೀರೂರು, ಚಿಕ್ಕಜಾಜೂರು ದಾಟಿ ಬಂದು ನಿಲ್ಲುವುದು 'ಆ್ಯಟ್ ದಾವಣಗೆರೆ'. ರೈಲಿನ ಲೆಕ್ಕದಲ್ಲಿ ಇಷ್ಟು ದೊಡ್ಡ ಊರು ಹಳಿಯ ಮೇಲಿನ ಒಂದು ಚುಕ್ಕಿ. ಊರು ಬದಲಾಗಿಲ್ಲ, ನಾವು ನೋಡುವ ದೂರ ಬದಲಾಗಿದೆ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗಾದ ಖುಷಿ ಇವತ್ತೂ ಕಲಿಸುವಾಗ ಆಗುತ್ತದೆ. ವ್ಯಾಕರಣ ಅಂದರೆ ಬರೀ ನಿಯಮ ಅಂದುಕೊಂಡವರಿಗೆ ಇದನ್ನು ತೋರಿಸಬೇಕು.

ಕಾಲದ ವಿಷಯಕ್ಕೂ ಇದೇ ಮೂರು ಪದ. ಗಂಟೆಗೆ ಆ್ಯಟ್, ದಿನಕ್ಕೆ ಆನ್, ತಿಂಗಳು ಮತ್ತು ವರ್ಷಕ್ಕೆ ಇನ್. ಎಲ್ಲರೂ ಇದನ್ನು ಕಷ್ಟಪಟ್ಟು ಬಾಯಿಪಾಠ ಮಾಡುತ್ತಾರೆ. ಆದರೆ ಕನ್ನಡದಲ್ಲೂ ಇಂಥದ್ದೇ ಮೂರು ಭಾಗ ಇದೆ. ಐದು ಗಂಟೆಗೆ ಬಾ. ಸೋಮವಾರ ಬಾ. ಜೂನ್‌ನಲ್ಲಿ ಬಾ. ಗಂಟೆಗೆ 'ಗೆ', ವಾರಕ್ಕೆ ಏನೂ ಇಲ್ಲ, ತಿಂಗಳಿಗೆ 'ಅಲ್ಲಿ'. ನಾವು ಇದನ್ನು ಯಾವತ್ತೂ ತಪ್ಪುವುದಿಲ್ಲ. ಯಾರೂ ಕಲಿಸಿಯೂ ಇಲ್ಲ.

ತಪ್ಪುವವರು ಯಾರು ಗೊತ್ತಾ? ಬೇರೆ ರಾಜ್ಯಗಳಿಂದ ಮೆಡಿಕಲ್, ಇಂಜಿನಿಯರಿಂಗ್ ಓದಲು ಇಲ್ಲಿಗೆ ಬಂದು ಕನ್ನಡ ಕಲಿಯುವ ಹುಡುಗರು. 'ಐದು ಗಂಟೆಯಲ್ಲಿ ಬರ್ತೀನಿ ಆಂಟಿ' ಅನ್ನುತ್ತಾರೆ. ಅಂದರೆ ಬರಲು ಐದು ಗಂಟೆ ಹಿಡಿಯುತ್ತದೆ ಅಂತ ಅರ್ಥವಾಯಿತು. ಆ ಆಂಟಿ ನಗುವುದಿಲ್ಲ. ಐದು ಗಂಟೆಗಾ ಅಂತ ಕೇಳಿ ಸುಮ್ಮನಾಗುತ್ತಾರೆ. ಆ ಹುಡುಗ ಮುಂದಿನ ಸಲ 'ಗಂಟೆಗೆ' ಅನ್ನುತ್ತಾನೆ. ಇಷ್ಟೇ. ಒಂದು ಭಾಷೆಯ ಸಣ್ಣ ಪದಗಳು ಹೀಗೇ ಬರುವುದು. ತಪ್ಪು ಹೇಳಿದಾಗ ಯಾರೋ ಸಹಜವಾಗಿ ಸರಿಯಾದದ್ದನ್ನು ತಿರುಗಿ ಹೇಳಿದರೆ ಕಿವಿ ಅದನ್ನು ಹಿಡಿದುಕೊಳ್ಳುತ್ತದೆ.

ಕಾಲದ ವಿಷಯದಲ್ಲೇ ಒಂದು ಜೋಡಿ ಇದೆ, ಅದನ್ನು ತಪ್ಪಿದರೆ ನಿಜವಾಗಿ ತೊಂದರೆ. ಸೋಮವಾರದ ಒಳಗೆ ಕೊಡಿ ಅನ್ನುವುದಕ್ಕೆ 'ಬೈ ಮಂಡೆ'. ಸೋಮವಾರದವರೆಗೆ ಇಟ್ಟುಕೊಳ್ಳಿ ಅನ್ನುವುದಕ್ಕೆ 'ಅಂಟಿಲ್ ಮಂಡೆ' ಅಥವಾ 'ಟಿಲ್ ಮಂಡೆ'. 'ಒಳಗೆ' ಇದೆಯಲ್ಲ ಅಂತ 'ವಿದಿನ್ ಮಂಡೆ' ಬರೆಯುವವರು ಬಹಳ. ವಿದಿನ್ ಜೊತೆಗೆ ಅವಧಿ ಬೇಕು: ವಿದಿನ್ ಟು ಡೇಸ್. ಇನ್ನು ರಜೆ ಚೀಟಿಯಲ್ಲಿ 'ಐ ಆಮ್ ಆನ್ ಲೀವ್ ಟಿಲ್ ಮಂಡೆ' ಅಂದರೆ ಸೋಮವಾರ ಆಫೀಸಿಗೆ ಬರುತ್ತಾರಾ ಇಲ್ಲವಾ? ಇಂಗ್ಲಿಷಿನವರಿಗೂ ಇದು ಸ್ಪಷ್ಟ ಇಲ್ಲ. ಅದಕ್ಕೇ ನಾನು ಹೇಳುವುದು: 'ಐ ವಿಲ್ ಬಿ ಬ್ಯಾಕ್ ಆನ್ ಟ್ಯೂಸ್‌ಡೇ' ಅಂತ ಬರೆದುಬಿಡಿ. ಯಾರಿಗೂ ಅನುಮಾನ ಉಳಿಯುವುದಿಲ್ಲ. 'ನೆಕ್ಸ್ಟ್ ಮಂಡೆ', 'ಲಾಸ್ಟ್ ಮಂಡೆ' ಅನ್ನುವಾಗ ಆನ್ ಬೇಡವೇ ಬೇಡ, ಅದೂ ನೆನಪಿರಲಿ.

ಈಗ ನನಗೆ ನೋವು ಕೊಡುವ ವಿಷಯ. ಕ್ಲಾಸಿಗೆ ಬರುವ ಒಬ್ಬ ಹುಡುಗಿ ಒಂದು ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದಳು. ತನ್ನ ಪ್ರಾಜೆಕ್ಟ್ ಬಗ್ಗೆ ಚೆನ್ನಾಗಿ ಹೇಳುತ್ತಿದ್ದಳಂತೆ. ನಡುವೆ 'ವಿ ಡಿಸ್ಕಸ್ಡ್ ಅಬೌಟ್ ದಿ ಪ್ರಾಬ್ಲಂ' ಅಂದಳು. ಎದುರಿಗಿದ್ದವರು ಅಲ್ಲೇ ತಡೆದು, ಡಿಸ್ಕಸ್ ಆದ ಮೇಲೆ ಅಬೌಟ್ ಬರುತ್ತಾ ಅಂತ ಕೇಳಿ, ಪಕ್ಕದವರನ್ನು ನೋಡಿ ನಕ್ಕರು. ಅಲ್ಲಿಂದ ಮುಂದೆ ಅವಳಿಗೆ ಮಾತೇ ಹೊರಡಲಿಲ್ಲ. ಬಂದು ಹೇಳುವಾಗಲೂ ಅವಳ ಪ್ರಶ್ನೆ ಕೆಲಸದ ಬಗ್ಗೆ ಇರಲಿಲ್ಲ. ಅಬೌಟ್ ಯಾಕೆ ಬರಲ್ಲ ಸರ್, ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. 'ಡಿಸ್ಕಷನ್' ಅನ್ನೋ ನಾಮಪದಕ್ಕೆ ಅಬೌಟ್ ಬೇಕು: ಎ ಡಿಸ್ಕಷನ್ ಅಬೌಟ್ ದಿ ಪ್ರಾಬ್ಲಂ. 'ಟಾಕ್' ಕ್ರಿಯಾಪದಕ್ಕೂ ಬೇಕು. 'ಡಿಸ್ಕಸ್' ಕ್ರಿಯಾಪದ ಮಾತ್ರ ನೇರವಾಗಿ ಕರ್ಮವನ್ನು ತಗೊಳ್ಳುತ್ತದೆ, ನಮ್ಮ 'ಅನ್ನು' ವಿಭಕ್ತಿಯ ಹಾಗೆ. ವಿಷಯವನ್ನು ಚರ್ಚಿಸಿದೆವು, ವಿಷಯದ ಬಗ್ಗೆ ಚರ್ಚೆ ಮಾಡಿದೆವು. ಕನ್ನಡದಲ್ಲೂ ಎರಡೂ ರೀತಿ ಇದೆ ನೋಡಿ! ನಾಮಪದದ ಜೊತೆಗಾರ ಕ್ರಿಯಾಪದಕ್ಕೂ ಅಂಟಿಕೊಂಡುಬಿಡುತ್ತಾನೆ, ಆಗೋ ತಪ್ಪು ಇಷ್ಟೇ. ಇದೇ ಮನೆತನದವರು ಇನ್ನೂ ಇದ್ದಾರೆ. ರಿಕ್ವೆಸ್ಟ್ ಫಾರ್ ಲೀವ್ ಸರಿ, ಅದು ನಾಮಪದ. 'ಐ ರಿಕ್ವೆಸ್ಟ್ ಫಾರ್ ಲೀವ್' ಬೇಡ, 'ಐ ರಿಕ್ವೆಸ್ಟ್ ಲೀವ್' ಸಾಕು. ಆರ್ಡರ್ ಫಾರ್ ಟು ದೋಸಾಸ್ ಅಂತ ಚೀಟಿಯಲ್ಲಿರಬಹುದು, ನಾವು ಮಾಡುವುದು 'ಆರ್ಡರ್ ಟು ದೋಸಾಸ್'. ಎಂಫಸಿಸ್ ಆನ್ ಸರಿ, 'ಎಂಫಸೈಸ್ ಆನ್' ಬೇಡ. ಆನ್ಸರ್ ಟು ದಿ ಕ್ವೆಶ್ಚನ್ ಸರಿ, ಆದರೆ ಉತ್ತರಿಸುವಾಗ 'ಆನ್ಸರ್ ದಿ ಕ್ವೆಶ್ಚನ್'. ರೂಮಿಗೆ ಹೋಗುವಾಗ 'ಎಂಟರ್ ದಿ ರೂಮ್', ಒಪ್ಪಂದಕ್ಕೆ ಮಾತ್ರ 'ಎಂಟರ್ ಇಂಟು ಆ್ಯನ್ ಅಗ್ರಿಮೆಂಟ್'.

'ಗಿಂತ' ಅನ್ನೋದು ಇನ್ನೊಂದು ಬಲೆ. ಅವರು ನನಗಿಂತ ಸೀನಿಯರ್. ಹಾಗಾಗಿ 'ಸೀನಿಯರ್ ದ್ಯಾನ್ ಮಿ'. ಸರಿಯಾದದ್ದು 'ಸೀನಿಯರ್ ಟು ಮಿ'. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಎಲ್ಲ ಲ್ಯಾಟಿನ್‌ನಿಂದ ಬಂದ ಪದಗಳು, ಅಲ್ಲೇ ತಮ್ಮೊಳಗೆ ಹೋಲಿಕೆಯನ್ನು ಹೊತ್ತುಕೊಂಡು ಬಂದವು. ಕಾಫಿಗಿಂತ ಟೀ ಇಷ್ಟ ಅಂದರೂ 'ಪ್ರಿಫರ್ ಟೀ ಟು ಕಾಫಿ'.

ಡಿಸ್ಕಸ್ ಅಬೌಟ್ ಅಂದರೆ ಅರ್ಥ ಕೆಡುತ್ತದಾ? ಸ್ವಲ್ಪವೂ ಇಲ್ಲ. ತಲೆ ಮೇಲಿನ ಫ್ಯಾನು, ಬೈ ಮತ್ತು ಅಂಟಿಲ್, ಇವುಗಳನ್ನು ತಪ್ಪಿದರೆ ಅರ್ಥವೇ ಬೇರೆಯಾಗುತ್ತದೆ. ಅವನ್ನು ಮೊದಲು ಸರಿಮಾಡಿಕೊಳ್ಳಬೇಕು. ಡಿಸ್ಕಸ್ ಅಬೌಟ್‌ನಂಥದ್ದನ್ನು ಪರೀಕ್ಷೆಗೆ, ಪತ್ರಕ್ಕೆ, ಇಂಟರ್‌ವ್ಯೂಗೆ ತಿದ್ದಿಕೊಳ್ಳೋಣ. ಆದರೆ ಅದಕ್ಕಾಗಿ ಒಬ್ಬರ ಬಾಯಿ ಕಟ್ಟಿಸುವುದು ಅನ್ಯಾಯ. ಹಾಗೆ ನಕ್ಕವರು ಇಂಗ್ಲಿಷಿನ ಪರವಾಗಿ ಮಾತಾಡಿದೆ ಅಂದುಕೊಂಡಿದ್ದರೆ, ಇಂಗ್ಲಿಷಿನ ಕಥೆ ಅವರಿಗೆ ಗೊತ್ತಿಲ್ಲ ಅಂತಲೇ ನಾನು ಹೇಳುತ್ತೇನೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ನಮ್ಮ ಹಾಗೇ ವಿಭಕ್ತಿ ಪ್ರತ್ಯಯಗಳಿದ್ದವು. ಪದದ ಕೊನೆಯೇ ಬದಲಾಗಿ ಯಾರಿಗೆ, ಯಾರನ್ನು, ಯಾರ ಅನ್ನುವುದನ್ನು ಹೇಳುತ್ತಿತ್ತು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅದಕ್ಕೂ ಮೊದಲೇ ಸವೆಯಲು ಶುರುವಾಗಿದ್ದ ಆ ಪ್ರತ್ಯಯಗಳು ಮುಂದಿನ ಕೆಲವು ಶತಮಾನಗಳಲ್ಲಿ ಬಹುತೇಕ ಉದುರಿಹೋದವು. ಅವು ಮಾಡುತ್ತಿದ್ದ ಕೆಲಸದ ಭಾರ ಪ್ರಿಪೊಸಿಷನ್‌ಗಳ ಮೇಲೆ ಬಿತ್ತು. ಇವತ್ತು 'ಹಿಮ್', 'ಹಿಸ್', 'ಹೂಮ್' ಅನ್ನುವಲ್ಲಿ ಹಳೆಯದು ಸ್ವಲ್ಪ ಉಳಿದಿದೆ. ಇನ್ನೂ ಕೆಲವು ಕಡೆ ಹಳೆಯ 'ಆನ್' ಕರಗಿ ಪದದೊಳಗೇ ಸೇರಿಕೊಂಡಿದೆ. 'ಅಲೈವ್' ಅನ್ನುವುದರ ಮೊದಲ ಅಕ್ಷರ, 'ಅಸ್ಲೀಪ್' ಅನ್ನುವುದರ ಮೊದಲ ಅಕ್ಷರ, ಎರಡೂ ಒಂದು ಕಾಲದ 'ಆನ್'.

ಇವತ್ತಿಗೂ ಅದು ಒಂದೇ ಥರ ಇಲ್ಲ. ವಾರದ ಕೊನೆಗೆ ಲಂಡನ್ನಿನವರು 'ಆ್ಯಟ್ ದಿ ವೀಕೆಂಡ್' ಅನ್ನುತ್ತಾರೆ, ಅಮೆರಿಕದವರು 'ಆನ್ ದಿ ವೀಕೆಂಡ್'. ಬೀದಿಗೆ ಬ್ರಿಟಿಷರು 'ಇನ್ ದಿ ಸ್ಟ್ರೀಟ್', ಅಮೆರಿಕದವರು 'ಆನ್ ದಿ ಸ್ಟ್ರೀಟ್'. ಈ ನಂಬರಿಗೆ ಫೋನ್ ಮಾಡಿ ಅನ್ನಲು ನಾವು ಬ್ರಿಟಿಷರ ಹಾಗೆ 'ಆನ್ ದಿಸ್ ನಂಬರ್', ಅಮೆರಿಕದವರು 'ಆ್ಯಟ್ ದಿಸ್ ನಂಬರ್'. ಅವರು ಒಬ್ಬರನ್ನೊಬ್ಬರು ಇಂಟರ್‌ವ್ಯೂನಲ್ಲಿ ಫೇಲ್ ಮಾಡುವುದಿಲ್ಲ. ಕನ್ನಡದಲ್ಲೂ ನೋಡಿ, ಹರಿಹರ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ 'ಮನೇಲಿ' ಅನ್ನೋದು 'ಮನ್ಯಾಗ' ಆಗುತ್ತದೆ. ದಾವಣಗೆರೆಯಲ್ಲಿ ಎರಡೂ ಕೇಳುತ್ತವೆ, ಎರಡೂ ನಮ್ಮವೇ.

ಪ್ರಿಪೊಸಿಷನ್ ವಾಕ್ಯದ ಕೊನೆಗೆ ಬರಬಾರದು ಅಂತ ಒಂದು ನಿಯಮ ಕೇಳಿರುತ್ತೀರಿ. ಕವಿ ಜಾನ್ ಡ್ರೈಡನ್ 1672ರಲ್ಲಿ ತನಗಿಂತ ಹಿಂದಿನ ಬೆನ್ ಜಾನ್ಸನ್‌ನ ಬರವಣಿಗೆಯಲ್ಲಿ ಇದನ್ನು ತಪ್ಪು ಅಂತ ತೋರಿಸಿದ. ಜನ ಅದನ್ನು ಲೆಕ್ಕಕ್ಕೆ ತಗೊಳ್ಳದೆ ಮಾತಾಡುತ್ತಲೇ ಬಂದರು. 'ವಾಟ್ ಆರ್ ಯು ವೇಟಿಂಗ್ ಫಾರ್' ಅನ್ನೋದು ಒಳ್ಳೆಯ ಇಂಗ್ಲಿಷ್. ವೇಟ್ ಎಲ್ಲಿದ್ದರೂ ಅದರ ಫಾರ್ ಹಿಂದೆಯೇ ಬರುತ್ತದೆ.

ಹಾಗಾದರೆ ಕಲಿಯುವುದು ಹೇಗೆ? ಬಿಟ್ಟ ಸ್ಥಳ ತುಂಬುವ ಅಭ್ಯಾಸದಲ್ಲಿ ನನಗೆ ನಂಬಿಕೆ ಕಡಿಮೆ. ವಾಕ್ಯದಿಂದ ಆ ಪುಟ್ಟ ಪದವನ್ನು ಕಿತ್ತು, ಅದರ ಜಾಗದಲ್ಲಿ ಗೆರೆ ಎಳೆದು, ಈಗ ಊಹಿಸು ಅನ್ನುತ್ತೇವೆ. ಜೋಡಿಯನ್ನು ಒಡೆದು ಕಲಿಸುವ ಕೆಲಸ ಅದು. ಅದರ ಬದಲು ಒಂದು ನೋಟ್‌ಬುಕ್ ಇಟ್ಟು, ಎರಡು ಪದವನ್ನೂ ನಡುವೆ ಜಾಗ ಬಿಡದೆ ಒಂದೇ ಪದದ ಹಾಗೆ ಬರೆಯಿರಿ ಅನ್ನುತ್ತೇನೆ. ಲಿಸನ್‌ಟು. ವೇಟ್‌ಫಾರ್. ಅಫ್ರೇಡ್‌ಆಫ್. ಮ್ಯಾರೀಡ್‌ಟು. ಪಕ್ಕದಲ್ಲಿ ಅವತ್ತೇ ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ನಡೆದ ವಿಷಯದ ಒಂದು ವಾಕ್ಯ. ಪುಸ್ತಕದ ವಾಕ್ಯ ಬೇಡ. ಅದನ್ನು ಗಟ್ಟಿಯಾಗಿ ಓದಬೇಕು. ಕಣ್ಣಿಗಿಂತ ಕಿವಿಗೆ ಇದು ಬೇಗ ಹತ್ತುತ್ತದೆ.

ಕಿವಿಯ ಶಕ್ತಿ ನೋಡಬೇಕಾದರೆ ಕ್ರಿಕೆಟ್ ನೋಡುವ ಹುಡುಗರನ್ನು ಮಾತಾಡಿಸಿ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಇದ್ದಾನೆ, ಇಂಗ್ಲಿಷ್ ಬರಲ್ಲ ಅಂತಲೇ ಕ್ಲಾಸಿಗೆ ಸೇರಿದವನು. ಹಿಂದಿನ ದಿನದ ಮ್ಯಾಚ್ ಹೇಳು ಅಂದೆ. ಥ್ರೂ ದಿ ಕವರ್ಸ್, ಓವರ್ ಮಿಡ್‌ವಿಕೆಟ್, ಡೌನ್ ದಿ ಲೆಗ್ ಸೈಡ್, ಅಕ್ರಾಸ್ ದಿ ಲೈನ್, ಇನ್ ದಿ ಏರ್, ಕಾಟ್ ಆ್ಯಟ್ ಸ್ಲಿಪ್. ಒಂದೂ ತಪ್ಪಿಲ್ಲ. ಯಾರೂ ಅವನಿಗೆ ಥ್ರೂ ಅಂದರೆ ಏನು ಅಂತ ಹೇಳಿಕೊಟ್ಟಿಲ್ಲ. ಇಬ್ಬರು ಫೀಲ್ಡರ್‌ಗಳ ನಡುವೆ ಚೆಂಡು ತೂರಿ ಹೋಗುವುದನ್ನು ನೋಡಿದ್ದಾನೆ, ಅದೇ ಕ್ಷಣಕ್ಕೆ ಆ ಪದ ಕೇಳಿದ್ದಾನೆ. ಚೆಂಡು ತಲೆಗೆ ತಾಗದೆ ಮೇಲೆ ಹಾರಿ ಹೋದರೆ ಅದು ಓವರ್, ಆನ್ ಅಲ್ಲ ಅನ್ನೋದು ಅವನಿಗೆ ಗೊತ್ತೇ ಇತ್ತು. ಫ್ಯಾನಿಗೂ ಅದೇ ಕಣಪ್ಪಾ ಅಂದೆ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ಕೊನೆಗೆ 'ಇಂದ'. ಇದನ್ನು ನಾನು ಚಿತ್ರದುರ್ಗದ ಕೋಟೆ ಇಟ್ಟುಕೊಂಡು ಹೇಳುತ್ತೇನೆ. ಹೆದ್ದಾರಿ 48ರಲ್ಲಿ ಇಲ್ಲಿಂದ ಸುಮಾರು 60 ಕಿಲೋಮೀಟರ್. ಕ್ಲಾಸಿನಲ್ಲಿ ಆ ಏಳು ಸುತ್ತಿನ ಕೋಟೆ ನೋಡದವರು ಕಡಿಮೆ, ಒನಕೆ ಓಬವ್ವನ ಕಥೆ ಗೊತ್ತಿಲ್ಲದವರು ಇಲ್ಲವೇ ಇಲ್ಲ. ಕಥೆಯನ್ನು ಮೊದಲು ಕನ್ನಡದಲ್ಲಿ ಬೋರ್ಡ್ ಮೇಲೆ ಬರೆಯುತ್ತೇನೆ. ಹೈದರಾಲಿಯ ಸೈನಿಕರು ಕಿಂಡಿಯಿಂದ ಬಂದರು. ಓಬವ್ವ ಒನಕೆಯಿಂದ ಹೊಡೆದಳು. ಅವರು ಓಬವ್ವನಿಂದ ಸತ್ತರು. ಅವಳು ಕೋಟೆಯನ್ನು ವೈರಿಗಳಿಂದ ಉಳಿಸಿದಳು. ಅಂದಿನಿಂದ ಅದು ಓಬವ್ವನ ಕಿಂಡಿ. ಐದು ಸಾಲು, ಐದು 'ಇಂದ'.

ಫ್ರಮ್ ಅಂದರೆ ಇಂದ ಅಂತ ಕಲಿತವರು ಐದಕ್ಕೂ ಫ್ರಮ್ ಹಾಕಿ ನೋಡಲಿ. 'ಫ್ರಮ್ ದಿ ಹೋಲ್' ಅಂದರೆ ಸೈನಿಕರು ಕಿಂಡಿಯಲ್ಲೇ ಇದ್ದು ಅಲ್ಲಿಂದ ಹೊರಟ ಹಾಗೆ ಆಗುತ್ತದೆ. ಅವರು ಆಚೆಯಿಂದ ತೂರಿ ಈಚೆಗೆ ಬಂದರು, ಕ್ರಿಕೆಟ್ ಹುಡುಗ ಹೇಳಿದ ಅದೇ 'ಥ್ರೂ'. ಒನಕೆ ಆಯುಧ, ಅದಕ್ಕೆ 'ವಿತ್'. ಕೊಂದವಳು ಓಬವ್ವ, 'ಬೈ'. ವೈರಿಗಳಿಂದ ಉಳಿಸಿದ್ದಕ್ಕೆ ಮಾತ್ರ 'ಫ್ರಮ್'. ಅಂದಿನಿಂದ ಅನ್ನುವುದಕ್ಕೆ 'ಸಿನ್ಸ್'. ಈ ಸಿನ್ಸ್ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಶುರುವಾದ ದಿನ ಹೇಳಿದರೆ ಸಿನ್ಸ್, ಎಷ್ಟು ಕಾಲ ಅಂತ ಹೇಳಿದರೆ 'ಫಾರ್'. 1779ರಲ್ಲಿ ಕೋಟೆ ಹೈದರನ ಕೈಸೇರಿತು, ಮದಕರಿ ನಾಯಕರ ಆಳ್ವಿಕೆ ಮುಗಿಯಿತು. 'ಸಿನ್ಸ್ 1779' ಸರಿ, 'ಫಾರ್ ಟು ಹಂಡ್ರೆಡ್ ಇಯರ್ಸ್' ಸರಿ, 'ಸಿನ್ಸ್ ಟು ಹಂಡ್ರೆಡ್ ಇಯರ್ಸ್' ಆಗುವುದಿಲ್ಲ. ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ ಅನ್ನುವಾಗ ಎಲ್ಲರೂ ಎಡವುವುದು ಇಲ್ಲೇ. 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್'.

ಆಮೇಲೆ ಎಲ್ಲರೂ ತಮ್ಮ ಮಾತಿನಲ್ಲಿ ಆ ಕಥೆ ಬರೆಯಬೇಕು. ಇಂಟರ್‌ವ್ಯೂನಲ್ಲಿ ಮಾತು ನಿಂತಿದ್ದ ಹುಡುಗಿಯೇ ಮೊದಲು ಎದ್ದು ಓದಿದಳು. 'ದೇ ಕೇಮ್ ಥ್ರೂ ದಿ ಹೋಲ್ ಒನ್ ಬೈ ಒನ್'. ಹಿಂದಿನ ಬೆಂಚಿನಿಂದ ಕ್ರಿಕೆಟ್ ಹುಡುಗ ಕೈ ಎತ್ತಿದ. ಸರ್, ಬೈ ಅಂದರೆ ಕೊಂದವರಿಗೆ ಅಂದ್ರಲ್ಲ, ಇಲ್ಲಿ ಒನ್ ಬೈ ಒನ್ ಅಂದ್ರೆ ಯಾರು ಯಾರನ್ನ ಕೊಂದರು? ನಾನು ಉತ್ತರ ಹೇಳುವ ಮೊದಲೇ ಕ್ಲಾಸಿನವರು ಒಬ್ಬೊಬ್ಬರಾಗಿ ತಮಗೆ ಗೊತ್ತಿರುವ ಬೈಗಳನ್ನೆಲ್ಲ ಹೇಳತೊಡಗಿದರು. ಬೈ ಬಸ್. ಬೈ ಮಂಡೆ. ಕುಂದುವಾಡ ಕೆರೆ ಪಕ್ಕ ಮನೆ ಇದ್ದರೆ ಬೈ ದಿ ಲೇಕ್. ಬೈ ಮಿಸ್ಟೇಕ್. ಅಷ್ಟರಲ್ಲಿ ಮಗನ ಹೋಂವರ್ಕ್‌ಗಾಗಿ ಬರುವ ಅಮ್ಮ ಒಬ್ಬರು, ಬೈಹಾರ್ಟ್ ಅನ್ನೋದ್ರಲ್ಲೂ ಇದೇ ಬೈ ಇದೆಯಾ ಸರ್ ಅಂತ ಕೇಳಿದರು. ಇದೆ ಅಂದೆ, ಅದನ್ನೂ ಬೋರ್ಡಿಗೆ ಬರೆದೆ. ಅವತ್ತಿನ ಕ್ಲಾಸು ಪೂರ್ತಿ ಬೈ ಹಿಂದೆಯೇ ಹೋಯಿತು.